ನೋಟಕನ ತೀರ್ಪು

ರಾಜದ್ರೋಹದ ಕಥೆಯನ್ನು ಕೇಳಿ ಸಮಚಿತ್ತದಿಂದಿರುವವರು ವಿರಳ. ಕಳ್ಳತನದ ಕಥೆಯನ್ನು ಕೇಳಿದವನು ಕೆಲವು ವೇಳೆ ಕಳ್ಳನ ಜಾಣ್ಮೆಗೆ ನಗುವುದುಂಟು. ಯುದ್ಧದ ಕಥೆಯನ್ನು ಕೇಳಿದವನು ಸೋತವನಿಗಾಗಿ ಮರುಗುತ್ತಲೇ ಗೆದ್ದವನನ್ನೂ ಕೊಂಡಾಡುವುದುಂಟು. ಆದರೆ ಉಂಡ ಮನೆಯ ಜಂತೆಯೆಣಿಸಿದವನ ಕಥೆ ಬಂದಾಗ ಈ ಔದಾರ್ಯವು ಉಳಿಯುವುದಿಲ್ಲ. ಕೇಳುವವನು ಆ ಕ್ಷಣದಲ್ಲಿಯೇ ನ್ಯಾಯಾಧಿಪತಿಯಾಗುತ್ತಾನೆ. ವಿಚಾರಣೆಗೆ ಮೊದಲೇ ದಂಡನೆಯನ್ನು ವಿಧಿಸಿಬಿಡುತ್ತಾನೆ. ಇಂಥ ತೀರ್ಪಿಗೆ ಬೆಲೆಯೆಷ್ಟು, ಅದರಿಂದ ಆಗುವ ಹಿತಾಹಿತಗಳೇನು ಎಂಬುದು ವಿಚಾರಶೀಲರು ಯೋಚಿಸತಕ್ಕ ವಿಷಯ.

1990 ಮತ್ತು 1991ನೆಯ ಇಸವಿಗಳಲ್ಲಿ ದೂರದರ್ಶನವು ವಾರವಾರವೂ ಪ್ರಸಾರಮಾಡಿದ ‘ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್’ ಎಂಬ ಹಿಂದೀ ಧಾರಾವಾಹಿಯು ಈ ಪ್ರಶ್ನೆಯನ್ನು ಮನೆಮನೆಗೂ ತಂದಿತು. ಭಗವಾನ್ ಗಿದ್ವಾನಿಯವರು 1976ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಕಾದಂಬರಿಯನ್ನು ಆಧಾರವಾಗಿಟ್ಟುಕೊಂಡು ಸಂಜಯ್ ಖಾನರು ನಿರ್ಮಿಸಿದ ನಾಟಕವದು. ಟೆಲಿವಿಷನ್ ಪೆಟ್ಟಿಗೆಯು ಎಲ್ಲ ಮನೆಗಳಲ್ಲಿಯೂ ಇಲ್ಲದಿದ್ದ ಕಾಲ. ಇದ್ದವರ ಹಜಾರದಲ್ಲಿ ನೆರೆಹೊರೆಯವರು ಕೂಡಿ ನೋಡುವುದು ವಾಡಿಕೆಯಾಗಿದ್ದಿತು. ನಾಟಕವನ್ನು ಕೆಲವರು ಮೆಚ್ಚಿದರು, ಕೆಲವರು ವಿರೋಧಿಸಿದರು; ಇದು ಕಾದಂಬರಿಯೊಂದರ ರೂಪಾಂತರ, ಕಲ್ಪಿತ ಕಥೆ ಎಂಬ ಪ್ರಕಟಣೆಯನ್ನು ಪ್ರಸಾರದೊಂದಿಗೆ ತೋರಿಸಬೇಕಾಗಿ ಬಂದಿತು. ಆದರೆ ಕಣ್ಣಿಗೆ ಕಟ್ಟಿದ ದೃಶ್ಯದ ಮುಂದೆ ಅಕ್ಷರದ ಪ್ರಕಟಣೆಯ ಬಲವೆಷ್ಟು? ಪೆಟ್ಟಿಗೆಯನ್ನು ಆರಿಸಿದ ಮೇಲೆ ನೋಟಕನ ಮನಸ್ಸಿನಲ್ಲಿ ಉಳಿದುದು ಪ್ರಕಟಣೆಯಲ್ಲ; ಶ್ರೀರಂಗಪಟ್ಟಣವನ್ನು ಒಳಗಿನವರೇ ಮಾರಿದರೆಂಬ ಸಂಕಟ, ಮಾರಿದವರು ಯಾರೆಂಬ ಕೋಪ.

ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಗಳ ಜನರಿಗೆ ಇದು ದೂರದ ದೇಶದ ಕಥೆಯಲ್ಲ. 1799ನೆಯ ಮೇ ತಿಂಗಳ 4ನೆಯ ತಾರೀಖು ಶ್ರೀರಂಗಪಟ್ಟಣದ ಕೋಟೆ ಬಿದ್ದು ಟಿಪ್ಪು ಸುಲ್ತಾನನು ಮಡಿದನಷ್ಟೆ. ಅನಂತರ ಗೆದ್ದವರು ರಾಜ್ಯವನ್ನು ಹಂಚಿಕೊಂಡಾಗ ಕೊಳ್ಳೇಗಾಲವು ಕಂಪೆನಿಯವರ ಪಾಲಿಗೆ ಬಂದು ಕೊಯಮತ್ತೂರು ಜಿಲ್ಲೆಗೆ ಸೇರಿತು. ಆಗ ಕೊಳ್ಳೇಗಾಲದ ಅಂಗವಾಗಿದ್ದ ಹನೂರಿನ ಪಾಡೂ ಅದೇ ಆಯಿತು. ಕೂಗಳತೆಯ ನೆರೆಯಂತಿದ್ದ ಯಳಂದೂರು ಮೈಸೂರಿನಲ್ಲಿಯೇ ಉಳಿಯಿತು. ಬೀಗತನ, ಸಂತೆ, ಜಾತ್ರೆಗಳಲ್ಲಿ ಒಂದಾಗಿದ್ದ ಜನರ ನಡುವೆ ಎಳೆದ ಈ ಗೆರೆಯು ಅಳಿಸಿದ್ದು 1956ನೆಯ ನವೆಂಬರ್ 1ರಂದು. ಇನ್ನು ಯಳಂದೂರಿನ ನಂಟು ಇದಕ್ಕಿಂತಲೂ ಸೂಕ್ಷ್ಮವಾದದ್ದು. ಸುಲ್ತಾನನ ಮಂತ್ರಿಗಳಲ್ಲಿ ಒಬ್ಬರಾಗಿದ್ದು, ಅವನ ಪತನಾನಂತರ ಬಾಲಕನಾದ ಮುಮ್ಮಡಿ ಕೃಷ್ಣರಾಜ ಒಡೆಯರ ದಿವಾನರಾದ ಪೂರ್ಣಯ್ಯನವರಿಗೆ 1807ರಲ್ಲಿ ಜಹಗೀರಾಗಿ ದೊರೆತದ್ದು ಈ ಯಳಂದೂರೇ. ಜಹಗೀರಿಯ ಕಾಲವು ಮುಗಿದುಹೋಗಿದೆ; ಆದರೆ ಜಹಗೀರುದಾರರ ಬಂಗಲೆಯು ಊರಿನಲ್ಲಿದೆ, ಹೆಸರು ಜನರ ಬಾಯಲ್ಲಿದೆ. ‘ದ್ರೋಹದಲ್ಲಿ ಪೂರ್ಣಯ್ಯನವರ ಪಾಲಿದ್ದಿತೇ?’ ಎಂಬ ಪ್ರಶ್ನೆಯನ್ನು ಬೇರೆ ಊರಿನವನು ಕುತೂಹಲಕ್ಕಾಗಿ ಕೇಳಬಹುದು. ಯಳಂದೂರಿನವನು ಹಾಗೆ ಕೇಳಲಾರನು.

ನಡೆದುದೇನೆಂಬುದನ್ನು ಮೊದಲು ಸಂಕ್ಷೇಪವಾಗಿ ನೋಡಬಹುದು. ಆ ದಿನ ಮಧ್ಯಾಹ್ನ ಜನರಲ್ ಬೇರ್ಡನ ಮುಂದಾಳುತನದಲ್ಲಿ ಇಂಗ್ಲಿಷರ ಸೇನೆಯು ಕಾವೇರಿಯನ್ನು ದಾಟಿ, ತೋಪುಗಳು ಒಡೆದಿದ್ದ ಬಿರುಕಿನಲ್ಲಿ ಕೋಟೆಯನ್ನು ಹತ್ತಿತು. ಬಿರುಕಿನ ಬಳಿಯಿದ್ದ ಸಿಪಾಯಿಗಳನ್ನು ಸಂಬಳದ ನೆಪದಿಂದ ಆ ಹೊತ್ತಿನಲ್ಲಿ ದೂರ ಸರಿಸಲಾಯಿತೆಂದೂ, ಸುಲ್ತಾನನು ಹಿಂದಿರುಗದಂತೆ ಬಾಗಿಲನ್ನು ಮುಚ್ಚಲಾಯಿತೆಂದೂ, ಇವುಗಳ ಹಿಂದೆ ಮಂತ್ರಿಯಾದ ಮೀರ್ ಸಾದಕನ ಕೈವಾಡವಿದ್ದಿತೆಂದೂ ಕಥನವುಂಟು. ಸುಲ್ತಾನನ ಆಶ್ರಯದಲ್ಲಿದ್ದು ಪತನಾನಂತರ ಚರಿತ್ರೆಯನ್ನು ಬರೆದ ಕಿರ್ಮಾನಿಯು ಮೀರ್ ಸಾದಕನನ್ನೇ ದ್ರೋಹಿಯೆಂದು ಹೆಸರಿಸುತ್ತಾನೆ. ಮೀರ್ ಸಾದಕನನ್ನು ಸುಲ್ತಾನನ ಸಿಪಾಯಿಗಳೇ ಕೊಂದರು. ಹೂಳಿದ ಹೆಣವನ್ನು ಜನರು ಹೊರಗೆಳೆದು ಅನೇಕ ದಿನಗಳವರೆಗೆ ಅವಮಾನಪಡಿಸಿದರೆಂದೂ, ಹೆಂಗಸರು ಮಕ್ಕಳು ಸಹ ಗುಂಪುಗುಂಪಾಗಿ ಹೋಗಿ ಅದರಲ್ಲಿ ಸೇರಿದರೆಂದೂ ಆ ಕಾಲದ ಇಂಗ್ಲಿಷ್ ಬರಹಗಳಲ್ಲಿದೆ. ಧಾರಾವಾಹಿಯ ನೋಟಕನ ಕೋಪಕ್ಕೆ ಹೀಗೆ ಇನ್ನೂರು ವರ್ಷಗಳ ವಂಶಾವಳಿಯುಂಟು. ಮೊದಲನೆಯ ತೀರ್ಪು ಬೀದಿಯಲ್ಲಿ ಆಯಿತು. ಹಜಾರದಲ್ಲಿ ಆದದ್ದು ಅದರ ಮರುಘೋಷಣೆ.

ಪೂರ್ಣಯ್ಯನವರ ವಿಷಯವು ಬೇರೆ ತೆರನಾದದ್ದು. ಅವರ ಮೇಲಿನ ಸಂಶಯವು ಕಂಡ ಕೃತ್ಯದಿಂದ ಹುಟ್ಟಿದುದಲ್ಲ, ಬಂದ ಫಲದಿಂದ ಹುಟ್ಟಿದುದು. ಒಡೆಯನು ಮಡಿದ ಎರಡು ತಿಂಗಳೊಳಗೆ ಗೆದ್ದವರ ಒಪ್ಪಿಗೆಯಿಂದ ದಿವಾನಗಿರಿ. ಎಂಟು ವರ್ಷಗಳಲ್ಲಿ ಜಹಗೀರು. ‘ಇಷ್ಟು ದೊಡ್ಡ ಬಹುಮಾನವನ್ನು ಸುಮ್ಮನೆ ಯಾರು ಕೊಟ್ಟಾರು?’ ಎಂದು ನೋಟಕನು ಕೇಳುತ್ತಾನೆ. ಕೇಳುವುದು ಸಹಜವೇ. ಆದರೆ ಫಲವನ್ನು ಕಂಡು ಬೀಜವನ್ನು ಊಹಿಸುವ ಈ ತರ್ಕವು ನಿರ್ದೋಷವಲ್ಲ. ಬಹುಮಾನವು ತೋರಿಸುವುದು, ಪತನಾನಂತರ ಪೂರ್ಣಯ್ಯನವರು ಗೆದ್ದವರಿಗೆ ಬೇಕಾದವರಾಗಿದ್ದರೆಂಬುದನ್ನು ಮಾತ್ರ. ಲೆಕ್ಕಪತ್ರ, ಕಂದಾಯ, ಸೇನೆಯ ಸರಬರಾಯಿ ಇವುಗಳನ್ನೆಲ್ಲ ಬೆರಳತುದಿಯಲ್ಲಿಟ್ಟುಕೊಂಡಿದ್ದವನು ಯಾವ ಪ್ರಭುತ್ವಕ್ಕೆ ಬೇಡ? ಪತನಕ್ಕೆ ಮೊದಲು ಅವರು ಒಡೆಯನನ್ನು ಮಾರಿದ್ದರೆಂಬುದಕ್ಕೆ ಆ ಬಹುಮಾನವೊಂದೇ ಸಾಕ್ಷಿಯಾಗಲಾರದು.

ಇದಕ್ಕೆ ಪ್ರತಿಯಾಗಿ 1782ನೆಯ ಡಿಸೆಂಬರಿನ ಸಂಗತಿಯನ್ನು ನೆನೆಯಬೇಕು. ಹೈದರಾಲಿಯು ಚಿತ್ತೂರಿನ ಬಳಿಯ ಪಾಳೆಯದಲ್ಲಿ ತೀರಿಕೊಂಡಾಗ ಟಿಪ್ಪು ಮಲಬಾರಿನ ಕಡೆಯಲ್ಲಿದ್ದನು. ಸಾವಿನ ಸುದ್ದಿ ಹರಡಿದ್ದರೆ ಸೇನೆಯು ಚದರಬಹುದಾಗಿದ್ದಿತು, ಬೇರೊಬ್ಬನು ಗಾದಿಗೇರಬಹುದಾಗಿದ್ದಿತು. ಪೂರ್ಣಯ್ಯನವರೂ ಕೃಷ್ಣರಾಯರೂ ಇತರ ಅಧಿಕಾರಿಗಳೊಡನೆ ಆ ಸುದ್ದಿಯನ್ನು ಗುಟ್ಟಾಗಿಟ್ಟು, ಸೇನೆಯನ್ನೂ ಬೊಕ್ಕಸವನ್ನೂ ಕಾದು, ಮಗನು ಬರುವವರೆಗೆ ರಾಜ್ಯವನ್ನು ಹಿಡಿದುನಿಂತರು. ಮಾರುವ ಬುದ್ಧಿಯಿದ್ದವರಿಗೆ ಅದಕ್ಕಿಂತ ಒಳ್ಳೆಯ ಸಮಯ ದೊರೆಯುತ್ತಿರಲಿಲ್ಲ. 1799ರ ಪತನಾನಂತರವೂ, ಸುಲ್ತಾನನ ಮನೆತನದವನೊಬ್ಬನನ್ನೇ ಗಾದಿಗೆ ತರುವುದು ಮೇಲೆಂದು ಪೂರ್ಣಯ್ಯನವರು ಮೊದಲು ಸೂಚಿಸಿದರೆಂದು ವಿಲ್ಕ್ಸನು ಬರೆದಿದ್ದಾನೆ.

ಹೀಗೆಂದ ಮಾತ್ರಕ್ಕೆ ಅವರ ನಿರ್ದೋಷಿತ್ವವು ಸಿದ್ಧವಾಯಿತೆಂದು ಸಂತೋಷಪಡುವುದೂ ಅವಸರದ ತೀರ್ಪೇ. ಇದು ಯಳಂದೂರಿನ ಅಭಿಮಾನಿಗಳು ವಿಶೇಷವಾಗಿ ಗಮನಿಸತಕ್ಕ ಮಾತು. 1804ರಲ್ಲಿ ಶ್ರೀರಂಗಪಟ್ಟಣದಲ್ಲಿ ಅವರು ಕಟ್ಟಿಸಿದ ಕಲ್ಲಿನ ಸೇತುವೆಯನ್ನೂ, ಬೊಕ್ಕಸದಲ್ಲಿ ಅವರು ಕೂಡಿಟ್ಟ ಹಣವನ್ನೂ ತೋರಿಸಿ ‘ಇಂಥವರು ದ್ರೋಹವೆಸಗುವರೇ?’ ಎಂದು ವಾದಿಸುವುದುಂಟು. ಸೇತುವೆಯು ದಕ್ಷತೆಗೆ ಸಾಕ್ಷಿ, ನಿಷ್ಠೆಗಲ್ಲ. ಮೂವತ್ತು ವರ್ಷ ನಿಷ್ಠನಾಗಿದ್ದವನು ಒಂದು ದಿನ ಎಡವಿದ ನಿದರ್ಶನಗಳು ಲೋಕದಲ್ಲಿ ಇಲ್ಲದಿಲ್ಲ. ದ್ವೇಷದಿಂದ ದಂಡಿಸುವವನೂ ಅಭಿಮಾನದಿಂದ ಬಿಡುಗಡೆ ಮಾಡುವವನೂ ಸಾಕ್ಷಿಯನ್ನು ವಿಚಾರಿಸದೆಯೇ ತೀರ್ಪನ್ನು ಬರೆದವರು.

ಇಲ್ಲಿ ಎರಡು ಆಕ್ಷೇಪಣೆಗಳು ಬರಬಹುದು. ಮೊದಲನೆಯದು: ನಾಟಕವು ನಾಟಕವಷ್ಟೆ, ನೋಡಿ ಅತ್ತು ಕೋಪಿಸಿಕೊಂಡು ಮನೆಗೆ ಹೋಗುವವನಿಗೆ ಸಾಕ್ಷ್ಯದ ಕಟ್ಟುಪಾಡೇಕೆ? ಎರಡನೆಯದು: ಸತ್ತವರಿಗೆ ಮಾನವೇನು, ಅವಮಾನವೇನು? ಇನ್ನೂರು ವರ್ಷಗಳ ಹಿಂದೆ ಮಣ್ಣಾದವನನ್ನು ಬೈದರೆ ಯಾರಿಗೆ ನಷ್ಟ?

ಎರಡನೆಯದಕ್ಕೆ ಉತ್ತರವು ಸುಲಭ. ಬೈಗುಳವು ಸತ್ತವನಲ್ಲಿ ನಿಲ್ಲುವುದಿಲ್ಲ. ಅದು ಬದುಕಿರುವವರ ಮೇಲೆ ಬೀಳುತ್ತದೆ. ಮೀರ್ ಸಾದಕನನ್ನು ಹಳಿಯುವವನು ನಾಲ್ಕನೆಯ ವಾಕ್ಯದಲ್ಲಿ ಅವನ ಮತದವರನ್ನು ಹಳಿಯುತ್ತಾನೆ. ಪೂರ್ಣಯ್ಯನವರನ್ನು ಹಳಿಯುವವನು ಅವರ ಜಾತಿಯವರನ್ನು ಹಳಿಯುತ್ತಾನೆ. ಸುಲ್ತಾನನನ್ನು ಕುರಿತ ವಾದವಿವಾದಗಳಂತೂ ಬೀದಿಗಿಳಿದು, 2015ರಿಂದೀಚೆಗೆ ಜಯಂತಿಯ ಆಚರಣೆ, ಅದರ ವಿರೋಧ, 2019ರಲ್ಲಿ ಸರಕಾರದ ಆಚರಣೆಯ ರದ್ದು ಎಂಬ ಘಟ್ಟಗಳನ್ನು ಹಾದುವು. ಪಕ್ಷ ಪ್ರತಿಪಕ್ಷಗಳೆರಡೂ ಸತ್ತವರ ಹೆಸರಿನಲ್ಲಿ ಬದುಕಿರುವವರೊಡನೆ ಕಾದಾಡಿದುವು. ಶಾಲೆಯ ಬಾಲಕನೊಬ್ಬನಿಗೆ ಸಹಪಾಠಿಗಳು ದ್ರೋಹಿಯ ಹೆಸರನ್ನಿಟ್ಟು ಹಂಗಿಸಿದರೆ ನಷ್ಟವು ಆ ಬಾಲಕನದು, ಮೀರ್ ಸಾದಕನದಲ್ಲ.

ಮೊದಲನೆಯ ಆಕ್ಷೇಪಣೆಯು ಗಹನವಾದದ್ದು. ಅದು ಹಳೆಯದೂ ಅಹುದು. ಭರತನ ನಾಟ್ಯಶಾಸ್ತ್ರದ ಮೊದಲನೆಯ ಅಧ್ಯಾಯದಲ್ಲಿಯೇ ಇದು ಬರುತ್ತದೆ. ಇಂದ್ರಧ್ವಜದ ಉತ್ಸವದಲ್ಲಿ ಮೊಟ್ಟಮೊದಲನೆಯ ನಾಟಕವನ್ನು ಆಡಿದರು. ದೇವತೆಗಳು ದೈತ್ಯರನ್ನು ಗೆದ್ದುದೇ ಅದರ ವಸ್ತು. ನೋಡಲು ಬಂದಿದ್ದ ದೈತ್ಯರು ಕೋಪಗೊಂಡು ನಟರ ಮಾತನ್ನೂ ಚಲನೆಯನ್ನೂ ಸ್ಮರಣೆಯನ್ನೂ ಸ್ತಂಭನಗೊಳಿಸಿದರು. ಇಂದ್ರನು ದಂಡದಿಂದ ವಿಘ್ನಗಳನ್ನು ಜಜ್ಜಿದನು. ಆದರೆ ದಂಡದಿಂದ ದೈತ್ಯರ ಮನಸ್ಸು ಸಮಾಧಾನಗೊಳ್ಳಲಿಲ್ಲ. ಬ್ರಹ್ಮನೇ ಅವರನ್ನು ಕರೆದು, ನಾಟ್ಯವು ದೇವತೆಗಳದೊಂದೇ ಅಲ್ಲ, ನಿಮ್ಮದೊಂದೇ ಅಲ್ಲ, ಮೂರು ಲೋಕಗಳ ಭಾವಗಳನ್ನೂ ತೋರಿಸತಕ್ಕದ್ದು ಎಂದು ತಿಳಿಯಹೇಳಬೇಕಾಯಿತು. ಸೋತವರ ಮಕ್ಕಳು ಸಭೆಯಲ್ಲಿ ಕುಳಿತಿರುವರೆಂಬುದನ್ನು ನಾಟಕವು ಮರೆಯಬಾರದೆಂದು ಕಥೆಯು ಸೂಚಿಸುತ್ತದೆ. ತನ್ನ ಕುಲವನ್ನೇ ರಂಗದ ಮೇಲೆ ಕಂಡು ಕುದಿಯುವವನಿಗೆ ನಾಟಕವು ಕಾಣುವುದಿಲ್ಲವೆಂದೂ ಸೂಚಿಸುತ್ತದೆ. ಗ್ರೀಕರ ದೇಶದಲ್ಲಿಯೂ ಇಂಥದೊಂದು ನಡೆಯಿತು. ಕ್ರಿಸ್ತಪೂರ್ವ 494ರಲ್ಲಿ ಪಾರಸಿಕರು ಮಿಲೀಟಸ್ ಪಟ್ಟಣವನ್ನು ಹಾಳುಮಾಡಿದುದನ್ನು ಫ್ರಿನಿಕಸ್ ಎಂಬ ಕವಿಯು ನಾಟಕವಾಗಿಸಿದಾಗ ಅಥೆನ್ಸಿನ ಸಭೆಯೇ ಅತ್ತುಬಿಟ್ಟಿತಂತೆ. ತಮ್ಮವರ ದುಃಖವನ್ನು ನೆನಪಿಗೆ ತಂದನೆಂದು ಕವಿಗೆ ಸಾವಿರ ದ್ರಾಖ್ಮೆಗಳ ದಂಡವನ್ನು ಹಾಕಿ, ಆ ನಾಟಕವನ್ನು ಮುಂದೆ ಆಡಕೂಡದೆಂದು ಕಟ್ಟುಮಾಡಿದರೆಂದು ಹೆರೊಡೋಟಸನು ಹೇಳುತ್ತಾನೆ.

ಅಲಂಕಾರಶಾಸ್ತ್ರಜ್ಞರು ಈ ತೊಡಕನ್ನು ಬಿಡಿಸಿದ ಬಗೆಯು ಗಮನಾರ್ಹವಾದುದು. ಭಟ್ಟನಾಯಕನು ಸಾಧಾರಣೀಕರಣವೆಂದು ಕರೆದುದು ಇದನ್ನೇ: ರಂಗದ ಮೇಲಿನ ಭಾವವು ಇಂಥವನದು, ಇಂಥ ಊರಿನದು, ಇಂಥ ಕಾಲದ್ದು ಎಂಬ ಗುರುತುಗಳನ್ನು ಕಳಚಿಕೊಂಡು ಎಲ್ಲರದೂ ಆಗಬೇಕು. ಅಭಿನವಗುಪ್ತನು ರಸಕ್ಕೆ ಬರುವ ವಿಘ್ನಗಳನ್ನು ಎಣಿಸುವಾಗ, ಭಾವವನ್ನು ತನ್ನದೆಂದಾಗಲಿ ಮತ್ತೊಬ್ಬನದೆಂದಾಗಲಿ ಅಂಟಿಸಿಕೊಂಡು ದೇಶಕಾಲಗಳಲ್ಲಿ ಸಿಕ್ಕಿಬೀಳುವುದನ್ನೂ ಒಂದು ವಿಘ್ನವೆಂದೇ ಹೇಳಿದ್ದಾನೆ. ಈ ಮಾತನ್ನು ಪ್ರಕೃತಕ್ಕೆ ಅನ್ವಯಿಸಿದರೆ, ವಿಶ್ವಾಸಘಾತವನ್ನು ಕಂಡು ಕ್ರೋಧವುಂಟಾಗುವುದು ತಪ್ಪಲ್ಲ. ಉಂಟಾಗದಿದ್ದರೆ ಆ ನೋಟಕನು ಸಹೃದಯನೇ ಅಲ್ಲ. ತಪ್ಪು ಬರುವುದು ಆ ಕ್ರೋಧಕ್ಕೆ ಒಂದು ವಿಳಾಸವನ್ನು ಬರೆದಾಗ. ಆದುದರಿಂದ ‘ನಾಟಕವು ನಾಟಕವಷ್ಟೆ’ ಎನ್ನುವವನು ಅರ್ಧ ಸತ್ಯವನ್ನು ಹೇಳಿದನು. ಅವನು ನಾಟಕವನ್ನು ನಾಟಕವಾಗಿಯೇ ನೋಡಿದ್ದರೆ, ಮರುದಿನ ಹೋಟೆಲಿನಲ್ಲಿ ಕುಳಿತು ಚರಿತ್ರೆಯ ಪುರುಷನಿಗೆ ಶಿಕ್ಷೆಯನ್ನು ವಿಧಿಸುತ್ತಿರಲಿಲ್ಲ.

ಹನೂರಿನ ಕಡೆಯವರಿಗೆ ಶಾಸ್ತ್ರದ ಸಹಾಯವಿಲ್ಲದೆಯೂ ಈ ಭೇದವು ತಿಳಿದಿದೆ. ಮಲೆಯ ಮಾದೇಶ್ವರನ ಕಥೆಯನ್ನು ಕಂಸಾಳೆಯವರು ಹಾಡುವಾಗ ಬರುವ ಸಂಕಮ್ಮನ ಸಾಲನ್ನು ಕೇಳದವರು ಈ ಸೀಮೆಯಲ್ಲಿ ಕಡಮೆ. ಜೇನಿಗಾಗಿ ಕಾಡಿಗೆ ಹೊರಟ ಗಂಡನು ಹೆಂಡತಿಯ ಶೀಲವನ್ನು ಶಂಕಿಸಿ ಬಲಗೈ ಭಾಷೆಯನ್ನು ಕೇಳುತ್ತಾನೆ, ಆಕೆಯು ಕೊಡಲೊಲ್ಲಳು, ಅವನು ಆಕೆಯನ್ನು ಹಿಂಸೆಗೆ ಗುರಿಪಡಿಸಿ ಹೋಗುತ್ತಾನೆ. ರಾತ್ರಿಯೆಲ್ಲ ಕುಳಿತು ಕೇಳುವ ಜನರು ಸಂಕಮ್ಮನ ಪಕ್ಷವನ್ನು ವಹಿಸುತ್ತಾರೆ. ಗಂಡನ ಮೇಲೆ ಕೋಪಿಸಿಕೊಳ್ಳುತ್ತಾರೆ. ಅವರ ತೀರ್ಪು ನ್ಯಾಯವಾದದ್ದೇ. ಏಕೆಂದರೆ ಹಾಡುವವನು ಬಾಗಿಲ ಹಿಂದಿನದನ್ನೂ ಮನಸ್ಸಿನ ಒಳಗಿನದನ್ನೂ ಅವರ ಮುಂದೆ ಬಿಚ್ಚಿಟ್ಟಿದ್ದಾನೆ. ಸಂಕಮ್ಮನು ನಿರ್ದೋಷಿಯೆಂಬುದು ಅವರಿಗೆ ಊಹೆಯಲ್ಲ, ಕಂಡ ಸಂಗತಿ. ಮತ್ತು ಬೆಳಗಾದ ಮೇಲೆ ಆ ಕೋಪವನ್ನು ಹೊತ್ತುಕೊಂಡು ಜೇನು ಕೀಳುವವರ ಹಟ್ಟಿಗೆ ಯಾರೂ ಹೋಗುವುದಿಲ್ಲ. ಶಂಕೆಯಿಂದ ಮನೆ ಹಾಳಾಗುವುದೆಂಬ ಅರಿವನ್ನಷ್ಟೇ ಹೊತ್ತು ತಮ್ಮ ತಮ್ಮ ಮನೆಗಳಿಗೆ ಹಿಂದಿರುಗುತ್ತಾರೆ.

ಐತಿಹಾಸಿಕ ನಾಟಕದ ತೊಡಕು ಇಲ್ಲಿಯೇ ಇದೆ. ಡೇರೆಯೊಳಗಿನ ಪಿಸುಮಾತನ್ನು, ಪತ್ರವನ್ನು ಬರೆವ ಕೈಯ ನಡುಕವನ್ನು, ಹಣದ ಚೀಲವನ್ನು ಎತ್ತಿಕೊಂಡವನ ಕಣ್ಣನ್ನು ಅದು ಸಂಕಮ್ಮನ ಸಾಲಿನಂತೆಯೇ ಬಿಚ್ಚಿ ತೋರಿಸುತ್ತದೆ. ಆದರೆ 1799ರಲ್ಲಿ ಆ ಪಿಸುಮಾತನ್ನು ಕೇಳಿದವರಾರು? ನೋಟಕನಿಗೆ ತಾನು ಸಾಕ್ಷಿಯೆಂಬ ಭ್ರಮೆ ಹುಟ್ಟುತ್ತದೆ; ವಾಸ್ತವವಾಗಿ ಅವನು ಮತ್ತೊಬ್ಬನ ಊಹೆಗೆ ಸಾಕ್ಷಿ. ಗಿರೀಶ ಕಾರ್ನಾಡರು 1997ರಲ್ಲಿ ಬಿ.ಬಿ.ಸಿ. ರೇಡಿಯೋಗಾಗಿ ಬರೆದು, ಅನಂತರ ‘ಟಿಪ್ಪುವಿನ ಕನಸುಗಳು’ ಎಂದು ಕನ್ನಡದಲ್ಲಿ ಬಂದ ನಾಟಕದಲ್ಲಿ ಚರಿತ್ರಕಾರನಾದ ಕಿರ್ಮಾನಿಯನ್ನೂ ಇಂಗ್ಲಿಷರ ಮೆಕೆಂಜಿಯನ್ನೂ ಪಾತ್ರಗಳಾಗಿಯೇ ತಂದಿರುವುದು ಈ ದೃಷ್ಟಿಯಿಂದ ಉಚಿತವಾಗಿದೆ. ಕಥೆಯನ್ನು ಹೇಳುವವರು ಯಾರು, ಯಾರ ಅನ್ನವನ್ನುಂಡು ಹೇಳುತ್ತಿರುವರು ಎಂಬುದು ನೋಟಕನಿಗೆ ಅಲ್ಲಿ ಕಾಣುತ್ತದೆ.

ದ್ರೋಹಿಯ ಮುಖವನ್ನು ಇಷ್ಟು ಗಟ್ಟಿಯಾಗಿ ಹಿಡಿಯುವುದರಲ್ಲಿ ಮತ್ತೊಂದು ದೋಷವುಂಟು. 1792ರ ಒಪ್ಪಂದದಲ್ಲಿ ಸುಲ್ತಾನನ ರಾಜ್ಯದ ಅರ್ಧವು ಹೋಗಿದ್ದಿತು. 3 ಕೋಟಿ 30 ಲಕ್ಷ ರೂಪಾಯಿಗಳ ದಂಡವು ಬಿದ್ದಿದ್ದಿತು. ಇಬ್ಬರು ಮಕ್ಕಳು ಒತ್ತೆಯಾಗಿ ಹೋಗಿದ್ದರು. ನಿಜಾಮನ ಸೇನೆಯು ಇಂಗ್ಲಿಷರೊಡನೆ ನಿಂತಿತು. ನಿರೀಕ್ಷಿಸಿದ ಫ್ರೆಂಚರ ನೆರವು ಬರಲಿಲ್ಲ. ಕೋಟೆಯ ಗೋಡೆಯನ್ನು ಒಡೆದುದು ತೋಪಿನ ಗುಂಡು. ಈ ಕಾರಣಗಳಿಗೆ ಮುಖವಿಲ್ಲ. ರಂಗದ ಮೇಲೆ ನಿಲ್ಲಿಸಿ ಬೈಯುವುದಕ್ಕೆ ಬರುವುದಿಲ್ಲ. ದ್ರೋಹಿಗೆ ಮುಖವುಂಟು, ಗಡ್ಡವುಂಟು, ಓರೆನೋಟವುಂಟು. ಆದುದರಿಂದ ಅವನೊಬ್ಬನ ತಲೆಯ ಮೇಲೆ ಎಲ್ಲವನ್ನೂ ಹೊರಿಸಿ ಮನಸ್ಸು ಹಗುರಾಗುತ್ತದೆ. ದೊಡ್ಡ ಕಾರಣಗಳ ವಿಚಾರಣೆಯು ಅಲ್ಲಿಗೆ ನಿಂತುಹೋಗುತ್ತದೆ. ಇದಕ್ಕೆ ನಿದರ್ಶನವಾಗಿ ಈ ಧಾರಾವಾಹಿಯದೇ ಒಂದು ದುಃಖದ ಸಂಗತಿಯಿದೆ. 1989ನೆಯ ಫೆಬ್ರವರಿಯಲ್ಲಿ ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ಚಿತ್ರೀಕರಣ ನಡೆಯುತ್ತಿದ್ದಾಗ ಬೆಂಕಿ ಬಿದ್ದು ಐವತ್ತಕ್ಕೂ ಮೇಲ್ಪಟ್ಟು ಜನರು ಸತ್ತರು. ಎರಡು ಶತಮಾನಗಳ ಹಿಂದಿನ ದ್ರೋಹಿಗಾಗಿ ಹಲ್ಲುಕಡಿದ ನೋಟಕರಲ್ಲಿ ಎಷ್ಟು ಮಂದಿ, ನೂರು ಜನ ಕೂಡುವ ಸ್ಥಳದಲ್ಲಿ ಬೆಂಕಿಗೆ ಏನು ಮುನ್ನೆಚ್ಚರಿಕೆಯಿರಬೇಕೆಂದು ತಮ್ಮ ಊರಿನ ಟೆಂಟು, ಕಲ್ಯಾಣಮಂಟಪಗಳಲ್ಲಿ ವಿಚಾರಿಸಿಯಾರು?

ಹಾಗಾದರೆ ಚರಿತ್ರೆಯ ವ್ಯಕ್ತಿಗಳನ್ನು ಕುರಿತು ತೀರ್ಪೇ ಕೂಡದೆ? ಹಾಗಲ್ಲ. ಒಳ್ಳೆಯದು ಕೆಟ್ಟದೆಂಬ ವಿವೇಚನೆಯಿಲ್ಲದೆ ಓದುವ ಚರಿತ್ರೆಯು ತಾರೀಖುಗಳ ಪಟ್ಟಿಯಾದೀತು. ತೀರ್ಪನ್ನು ಕೊಡುವವನು ಮೂರು ಪ್ರಶ್ನೆಗಳನ್ನು ಕೇಳಿಕೊಂಡರೆ ಸಾಕು. ಇದನ್ನು ಕಂಡು ಬರೆದವರಾರು, ಕೇಳಿ ಬರೆದವರಾರು, ಕಲ್ಪಿಸಿ ಬರೆದವರಾರು? ಆಪಾದಿತನ ಕೃತ್ಯವು ಸಿದ್ಧವಾಗಿದೆಯೇ, ಅಥವಾ ಅವನಿಗೆ ಬಂದ ಲಾಭದಿಂದ ಕೃತ್ಯವನ್ನು ಊಹಿಸಲಾಗಿದೆಯೇ? ತಪ್ಪು ಸಿದ್ಧವಾದರೆ ಅದು ಅವನೊಬ್ಬನದೇ, ಅಥವಾ ಅದರ ಮಸಿಯನ್ನು ಹುಟ್ಟದವರ ಮುಖಕ್ಕೂ ಬಳಿಯಲಾಗುತ್ತಿದೆಯೇ? ಈ ಪ್ರಶ್ನೆಗಳಿಂದ ಕೋಪವು ಆರಿಹೋಗುವುದಿಲ್ಲ. ಅದಕ್ಕೆ ಕಣ್ಣು ಬರುತ್ತದೆ.

ಕಣ್ಣು ಬಂದ ಕೋಪಕ್ಕೆ ಮಾಡತಕ್ಕ ಕೆಲಸವೂ ಬೇಕಾದಷ್ಟಿದೆ. ಮೀರ್ ಸಾದಕನ ಮೇಲಿನ ಆಪಾದನೆಯ ತಿರುಳೇನು? ಸಿಪಾಯಿಗಳ ಸಂಬಳ, ಕಾವಲಿನ ಹೊತ್ತು, ಬಾಗಿಲಿನ ಅಗುಳಿ ಇವು ಅವನ ಕೈಯಲ್ಲಿದ್ದುವು. ನಂಬಿ ಕೊಟ್ಟುದನ್ನು ಅವನು ತಿರುಗಿಸಿದನೆಂಬುದು. ಇಂಥ ನಂಬಿಕೆಯ ಪದಾರ್ಥಗಳು ಇಂದಿಗೂ ಊರೂರಿನಲ್ಲಿವೆ. ದೇವಾಲಯದ ಹುಂಡಿಯ ಬೀಗದ ಕೈ, ಸಹಕಾರ ಸಂಘದ ಲೆಕ್ಕದ ಪುಸ್ತಕ, ನ್ಯಾಯಬೆಲೆಯ ಅಂಗಡಿಯ ತಕ್ಕಡಿ, ಪಂಚಾಯತಿಯ ಬಿಲ್ಲಿಗೆ ಹಾಕುವ ರುಜು, ಅನಾಥನಾದ ಅಣ್ಣನ ಮಗನ ಎರಡು ಎಕರೆ ಹೊಲದ ಪತ್ರ, ಇವುಗಳಲ್ಲಿ ಒಂದಲ್ಲ ಒಂದು ಪ್ರತಿಯೊಬ್ಬ ಗೃಹಸ್ಥನ ಕೈಗೂ ಎಂದಾದರೊಂದು ದಿನ ಬರುತ್ತದೆ. ಅಲ್ಲಿ ಕತ್ತಿಯಿಲ್ಲ, ತೋಪಿಲ್ಲ, ಹಿನ್ನೆಲೆಯ ಸಂಗೀತವಿಲ್ಲ, ನೋಡುವವರೂ ಇಲ್ಲ. ತೆರೆಯ ಮೇಲಿನ ದ್ರೋಹಿಯನ್ನು ಕಂಡು ಎದ್ದು ನಿಂತವನು ಇಲ್ಲಿ ಹೇಗೆ ನಡೆಯುವನೆಂಬುದೇ ಅವನ ಕೋಪದ ಪರೀಕ್ಷೆ.

ಮನೆಯ ಹಿರಿಯರಿಗೂ ಇದರಲ್ಲಿ ಒಂದು ಹೊಣೆಯುಂಟು. ಮಕ್ಕಳು ಐತಿಹಾಸಿಕ ನಾಟಕವನ್ನು ನೋಡಿ ಕುದಿಯುತ್ತ ಎದ್ದಾಗ ಅವರನ್ನು ಗದರಿಸುವುದೂ ಬೇಡ, ಇನ್ನಷ್ಟು ಕೆರಳಿಸುವುದೂ ಬೇಡ. ‘ಇದನ್ನು ಬರೆದವರಿಗೆ ಹೇಗೆ ಗೊತ್ತಾಯಿತು?’ ಎಂದು ಒಮ್ಮೆ ಕೇಳಿ, ಅವರೊಡನೆ ಪುಸ್ತಕದಲ್ಲಿ ಹುಡುಕಿದರೆ ಸಾಕು. ಯಳಂದೂರಿನ ಬಾಲಕನು ಪೂರ್ಣಯ್ಯನವರ ವಿಷಯದಲ್ಲಿ ಹೀಗೆ ಹುಡುಕತೊಡಗಿದರೆ 1782ನ್ನೂ ಓದುತ್ತಾನೆ, 1799ನ್ನೂ ಓದುತ್ತಾನೆ. ಹೊಗಳಿಕೆಯನ್ನೂ ತೆಗಳಿಕೆಯನ್ನೂ ಕಾಣುತ್ತಾನೆ. ಎರಡನ್ನೂ ತಕ್ಕಡಿಯಲ್ಲಿಟ್ಟು, ಮುಳ್ಳು ನಿಲ್ಲುವವರೆಗೆ ಕಾಯಲು ಕಲಿಯುತ್ತಾನೆ. ಅದು ನಿಲ್ಲದಿದ್ದರೆ, ನಿಂತಿಲ್ಲವೆಂದೇ ಹೇಳುವ ಧೈರ್ಯವನ್ನೂ ಕಲಿಯುತ್ತಾನೆ. ನೆರೆಯವನ ಮೇಲೆ ಊರೆಲ್ಲ ಆಪಾದನೆಯನ್ನು ಹೊರಿಸುವ ದಿನ ಬಂದಾಗ ಅವನಿಗೂ ಆ ನೆರೆಯವನಿಗೂ ಉಪಯೋಗಕ್ಕೆ ಬರುವುದು ಈ ಕಲಿಕೆಯೇ.